ಏಳು ಹಾಲಿ ಕೊಟ್ರ ಆರು ಕಲ್ದಾರ್: ನಮ್ಮ ತಾಲ್ಲೂಕುಗಳ ರೊಕ್ಕದ ಕಥೆ

ನಾವು ಐದು ಜನ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಊರಿಗೊಬ್ಬರು. ಕಾಲೇಜಿನಲ್ಲಿ ನಮಗೆ 'ಸಿಮೆಂಟ್ ಗ್ಯಾಂಗ್' ಅಂತ ಹೆಸರು ಬಿದ್ದಿದೆ. ಚಿಂಚೋಳಿಯವನು ಮಾತ್ರ ಒಪ್ಪಲ್ಲ, "ನಮ್ಮದು ಕಾಡು, ಡ್ಯಾಮು ಇರೋ ಊರು" ಅಂತಾನೆ. ಐವರೂ ಓದಿದ್ದು ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ಹಾಗಾಗಿ ಈ ಲೇಖನದ ಕನ್ನಡದಲ್ಲಿ ತಪ್ಪು ಕಂಡರೆ ಸಂಪಾದಕರನ್ನು ಬೈಯಿರಿ, ನಮ್ಮನ್ನಲ್ಲ.

ದಸರಾ ರಜೆಯಲ್ಲಿ ಎಲ್ಲರೂ ಸೇಡಂ ಗೆಳೆಯನ ಮನೆಗೆ ಹೋಗಿದ್ದೆವು. ರಾತ್ರಿ ಅವನ ಆಯಿ ನಮಗೆ ಹಾಸಲು ಟ್ರಂಕಿನಿಂದ ಕೌದಿ ತೆಗೆಯುವಾಗ ಸಣ್ಣ ಬಟ್ಟೆಗಂಟೊಂದು ಕೆಳಗೆ ಬಿತ್ತು. ಬಿಚ್ಚಿದರೆ ನಾಲ್ಕು ಬೆಳ್ಳಿ ನಾಣ್ಯ. ಒಂದು ಬದಿಯಲ್ಲಿ ಚಾರ್‌ಮಿನಾರ್, ಅದರ ನಡುವಿನ ಬಾಗಿಲಲ್ಲಿ ಉರ್ದುವಿನ ಒಂದೇ ಒಂದು ಅಕ್ಷರ.

"ಆಯಿ, ಇವು ಎಷ್ಟು ಬೆಲಿ ಬಾಳ್ತಾವ್ರಿ?"

"ಈಗಿನ ಬೆಲಿ ನನಗೇನು ಗೊತ್ತಪ್ಪ. ಇವು ಹಾಲಿ ರೂಪಾಯಿ, ಕಲ್ದಾರ್ ಅಲ್ಲ. ಏಳು ಹಾಲಿ ಕೊಟ್ರ ಆರು ಕಲ್ದಾರ್ ಬರ್ತಿದ್ವು ಅಂತ ನಮ್ಮಪ್ಪ ಹೇಳ್ತಿದ್ದ."

ನಮಗೆ ಅರ್ಥ ಆಗಲಿಲ್ಲ. ರೂಪಾಯಿ ಅಂದ್ರೆ ರೂಪಾಯಿ, ಅದರಲ್ಲಿ ಏಳು, ಆರು ಏನು? ನಮ್ಮ ಮಟ್ಟಿಗೆ ರೊಕ್ಕ ಅಂದ್ರೆ ರಿಸರ್ವ್ ಬ್ಯಾಂಕ್, ರಿಸರ್ವ್ ಬ್ಯಾಂಕ್ ಅಂದ್ರೆ ಮುಂಬೈ. ನಮ್ಮ ಊರುಗಳು ಅದರೊಳಗೆ ಬಂದದ್ದು ತೀರಾ ಇತ್ತೀಚೆಗೆ, ಅದಕ್ಕೂ ಮುಂಚೆ ಇಲ್ಲಿಗೆ ಬೇರೆಯದೇ ರೂಪಾಯಿ, ಬೇರೆಯದೇ ಬ್ಯಾಂಕ್ ಇತ್ತು ಅನ್ನೋದು ಆ ರಾತ್ರಿಯವರೆಗೆ ನಮಗೆ ಗೊತ್ತಿರಲಿಲ್ಲ. ಆಮೇಲೆ ಒಂದು ತಿಂಗಳು ಲೈಬ್ರರಿಯಲ್ಲಿ ಕೂತೆವು. ಸಿಕ್ಕಿದ್ದನ್ನು ಇಲ್ಲಿ ಹೇಳ್ತೀವಿ.

ಮೊದಲು ಹೆಸರು. 'ಹಾಲಿ ಸಿಕ್ಕಾ' ಅಂದರೆ ಸದ್ಯ ಚಲಾವಣೆಯಲ್ಲಿರುವ ನಾಣ್ಯ. ನಾವು 'ಹಾಲಿ ಶಾಸಕರು, ಮಾಜಿ ಶಾಸಕರು' ಅನ್ನುವಾಗ ಬರುವುದೂ ಇದೇ ಹಾಲಿ. ಈಗ ಅದು ಮಾಜಿ ಆಗಿ ಎಷ್ಟೋ ವರ್ಷ ಆದರೂ ಹೆಸರು ಮಾತ್ರ ಹಾಲಿಯೇ. 'ಕಲ್' ಅಂದರೆ ಯಂತ್ರ. ಯಂತ್ರದಲ್ಲಿ ಒತ್ತಿದ ಬ್ರಿಟಿಷ್ ಸರ್ಕಾರದ ರೂಪಾಯಿ 'ಕಲ್ದಾರ್'. ಆಮೇಲೆ ನಿಜಾಮರ ಸರ್ಕಾರವೂ 1903ರಲ್ಲಿ ಹೈದರಾಬಾದಿನ ಸೈಫಾಬಾದ್‌ನಲ್ಲಿ ಯಂತ್ರದ ಟಂಕಸಾಲೆ ತೆರೆಯಿತು. ಆದರೂ ಜನರ ಬಾಯಲ್ಲಿ ಕಲ್ದಾರ್ ಅಂದರೆ ಬ್ರಿಟಿಷರದ್ದೇ. ಚಾರ್‌ಮಿನಾರ್ ಬಾಗಿಲಿನ ಅಕ್ಷರ 'ಐನ್', ಏಳನೇ ನಿಜಾಮ ಉಸ್ಮಾನ್ ಅಲಿ ಖಾನ್ ಹೆಸರಿನ ಮೊದಲಕ್ಷರ. ಅವರ ತಂದೆ ಮಹಬೂಬ್ ಅಲಿ ಖಾನ್ ಕಾಲದ್ದಾದರೆ 'ಮೀಮ್' ಇರುತ್ತದೆ. ನಿಮ್ಮ ಮನೆಯ ಟ್ರಂಕಿನಲ್ಲೂ ಇದ್ದರೆ ನೋಡ್ರಿ.

ಈಗ ಏಳು-ಆರರ ಲೆಕ್ಕ. ಆಯಿಯಿಂದ ಒಂದು ನಾಣ್ಯ ಕಡ ತಂದು ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಇಟ್ಟೆವು. ಲ್ಯಾಬ್ ಅಸಿಸ್ಟೆಂಟ್ "ಇದು ಯಾವ ಎಕ್ಸ್‌ಪೆರಿಮೆಂಟಪ್ಪ" ಅಂದರು. 11.1 ಗ್ರಾಂ ತೋರಿಸಿತು. ಟಂಕಸಾಲೆಯ ಲೆಕ್ಕದಲ್ಲಿ ಇರಬೇಕಾದದ್ದು 11.178 ಗ್ರಾಂ, ಸವೆದಿರುತ್ತದೆ. ಅದರಲ್ಲಿ ಬೆಳ್ಳಿ ನೂರಕ್ಕೆ 81.8 ಪಾಲು, ಅಂದರೆ ಸುಮಾರು 9.14 ಗ್ರಾಂ ಶುದ್ಧ ಬೆಳ್ಳಿ. ಆಗಿನ ಬ್ರಿಟಿಷ್ ರೂಪಾಯಿ 11.66 ಗ್ರಾಂ, ಬೆಳ್ಳಿ 91.7 ಪಾಲು; ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 10.69ನ್ನು 9.14ರಿಂದ ಭಾಗಿಸಿದರೆ 1.169. ಏಳನ್ನು ಆರರಿಂದ ಭಾಗಿಸಿದರೆ 1.167. ಕ್ಯಾಲ್ಕುಲೇಟರ್‌ನಲ್ಲಿ ಇದು ಬಂದಾಗ ನಾವು ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಯಿಯ ಅಪ್ಪ ಹೇಳಿದ ಮಾತು ಬೆಳ್ಳಿಯ ತೂಕದ ಮಾತಾಗಿತ್ತು!

ಸರ್ಕಾರಿ ಲೆಕ್ಕದಲ್ಲಿ ಇದನ್ನೇ 100 ಕಲ್ದಾರ್‌ಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಅಂತ ಬರೆಯುತ್ತಿದ್ದರು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಅಂತ ಹಿಡಿದು ನೀವೇ ಲೆಕ್ಕ ಹಾಕಿ ನೋಡಿ, ಸರಿಯಾಗಿ 7ಕ್ಕೆ 6 ಬರುತ್ತದೆ. ಆ ಕಾಲದ ಶಾನುಭೋಗರು, ಪಟವಾರಿಗಳು ಇದನ್ನು ಬಾಯಲ್ಲೇ ಮಾಡುತ್ತಿದ್ದರು. ನಾವು ಫೋನ್ ತೆಗೆದೆವು.

ನಮ್ಮ ಊರುಗಳ ನಕ್ಷೆ ನೋಡಿದರೆ ಈ ಎರಡು ರೂಪಾಯಿ ಯಾಕೆ ದಿನದಿನದ ತಲೆನೋವಾಗಿತ್ತು ಅನ್ನೋದು ತಿಳಿಯುತ್ತದೆ. ಬೊಂಬಾಯಿಯಿಂದ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ ರಾಯಚೂರಿಗೆ ಹೋಗುವ ಗಾಡಿ ಬ್ರಿಟಿಷ್ ಕಂಪನಿಯಾದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯದು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಮೇಲೆ ಸಿಕಂದರಾಬಾದಿಗೆ ಹೋದ ಹಳಿ ನಿಜಾಮರದು. ಒಂದೇ ಜಂಕ್ಷನ್, ಎರಡು ರೈಲ್ವೆ. ಶಹಾಬಾದಿನ ಹಾಸುಗಲ್ಲು, ಆಮೇಲೆ ಸಿಮೆಂಟು, ಸೇಡಂ-ಚಿಂಚೋಳಿ ಕಡೆಯ ತೊಗರಿ, ಯಾವುದೇ ಆಗಲಿ ಪಶ್ಚಿಮಕ್ಕೆ ಹೋದರೆ ಸಿಗುವುದು ಕಲ್ದಾರ್, ಪೂರ್ವಕ್ಕೆ ಹೈದರಾಬಾದಿಗೆ ಹೋದರೆ ಹಾಲಿ. ಸೊಲ್ಲಾಪುರದ ಪೇಟೆಯಲ್ಲಿ ತೊಗರಿ ಮಾರಿ 600 ಕಲ್ದಾರ್ ತಂದವನಿಗೆ ಊರಲ್ಲಿ ಅದು 700 ಹಾಲಿ. ನಡುವೆ ಬದಲಿಸಿಕೊಡುವ ಸರಾಫ ತನ್ನ ಬಟ್ಟಾ, ಅಂದರೆ ಬದಲಿಯ ಕಮಿಷನ್, ಹಿಡಿದುಕೊಳ್ಳುತ್ತಿದ್ದ. ಅದೇ ಹೊತ್ತಿಗೆ ಮೈಸೂರು ಸಂಸ್ಥಾನದ ಕನ್ನಡಿಗರಿಗೂ, ಧಾರವಾಡ-ವಿಜಯಪುರದ ಕನ್ನಡಿಗರಿಗೂ ಈ ತಾಪತ್ರಯ ಇರಲಿಲ್ಲ, ಅವರದ್ದೆಲ್ಲ ಬ್ರಿಟಿಷ್ ರೂಪಾಯಿ.

ಕಾಗದದ ನೋಟು ಬಂದದ್ದು 1918ರಲ್ಲಿ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಿಗುವುದೇ ಕಷ್ಟವಾಗಿತ್ತು. ಹೈದರಾಬಾದ್ ಸರ್ಕಾರ ಕಾನೂನು ಮಾಡಿ 10 ಮತ್ತು 100 ರೂಪಾಯಿ ನೋಟು ಹೊರಡಿಸಿತು, ಮುಂದಿನ ವರ್ಷ 1 ಮತ್ತು 5, ಆಮೇಲೆ 1926ರಲ್ಲಿ 1000 ರೂಪಾಯಿಯದು. ಈ ರೂಪಾಯಿಗೆ 'ಉಸ್ಮಾನಿಯಾ ಸಿಕ್ಕಾ' ಅಂತ ಹೆಸರಿಟ್ಟರು, ಜನ ಹಾಲಿ ಅನ್ನೋದನ್ನು ಬಿಡಲಿಲ್ಲ. ನೋಟಿನ ಮುಖ್ಯ ಭಾಷೆ ಉರ್ದು. ಆದರೆ ಬೆಲೆಯನ್ನು ತೆಲುಗು, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಅಚ್ಚು ಹಾಕಿದ್ದರು. ಕನ್ನಡ ಸಂಘದವರು ಇದನ್ನು ಗಮನಿಸಬೇಕು. ಕಚೇರಿಯಲ್ಲಿ, ಕೋರ್ಟಿನಲ್ಲಿ ಕನ್ನಡಕ್ಕೆ ಜಾಗ ಇಲ್ಲದ ಕಾಲದಲ್ಲಿ ನೋಟಿನ ಮೇಲೆ ಮಾತ್ರ ಇತ್ತು. ರೊಕ್ಕ ಓದಲು ಬರದಿದ್ದರೆ ಜನ ತಗೊಳ್ಳಲ್ಲವಲ್ಲ!

ನಾಣ್ಯವಾದರೆ ಒಳಗೆ ಬೆಳ್ಳಿ ಇದೆ, ನಂಬಬಹುದು. ನೋಟಿನೊಳಗೆ ಏನಿದೆ? ಇಲ್ಲಿಂದಲೇ ಕೇಂದ್ರ ಬ್ಯಾಂಕಿನ ಕೆಲಸ ಶುರುವಾಗುತ್ತದೆ. 7 ಹಾಲಿಗೆ 6 ಕಲ್ದಾರ್ ಅಂತ ಸರ್ಕಾರ ಮಾತು ಕೊಟ್ಟ ಮೇಲೆ, ಯಾರೇ ಹಾಲಿ ನೋಟು ತಂದು ಕಲ್ದಾರ್ ಕೇಳಿದರೂ ಕೊಡುವಷ್ಟು ದಾಸ್ತಾನು ಬೇಕು. ಅದಕ್ಕಾಗಿ ಹೈದರಾಬಾದ್ ಸರ್ಕಾರ ನೋಟುಗಳ ಹಿಂದೆ ಮೀಸಲು ನಿಧಿ ಇಟ್ಟಿತ್ತು. 1921ರಿಂದ ಹಣಕಾಸು ನೋಡಿಕೊಳ್ಳುತ್ತಿದ್ದ ಸರ್ ಅಕ್ಬರ್ ಹೈದರಿಯವರು ಈ ವಿಷಯದಲ್ಲಿ ಬಹಳ ಬಿಗಿ ಮನುಷ್ಯ ಅಂತ ಹೆಸರು ಮಾಡಿದವರು. ಕೊನೆಗೆ 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಕಾನೂನು ಬಂತು. ಅಲ್ಲಿಯ ಫಸಲಿ ಲೆಕ್ಕದಲ್ಲಿ ಅದು 1350ನೇ ಇಸವಿ. 1942ರ ಏಪ್ರಿಲ್ 5ರಂದು ಹೈದರಾಬಾದಿನ ಗನ್‌ಫೌಂಡ್ರಿಯಲ್ಲಿ ಬ್ಯಾಂಕಿನ ಬಾಗಿಲು ತೆರೆಯಿತು. ಶೇರುಗಳಲ್ಲಿ ದೊಡ್ಡ ಪಾಲು ಸರ್ಕಾರದ್ದು. ಸಾಮಾನ್ಯ ಬ್ಯಾಂಕಿನ ಹಾಗೆ ಠೇವಣಿ, ಸಾಲ ನೋಡಿಕೊಳ್ಳುವುದರ ಜೊತೆಗೆ ಉಸ್ಮಾನಿಯಾ ಸಿಕ್ಕಾ ನಾಣ್ಯವ್ಯವಸ್ಥೆ ಮತ್ತು ಸರ್ಕಾರದ ಸಾಲ ನಿರ್ವಹಿಸುವುದೂ ಅದರ ಕೆಲಸ. ನಮ್ಮ ಐದು ಊರುಗಳಿಗೆ ಆಗಿನ ರಿಸರ್ವ್ ಬ್ಯಾಂಕ್ ಅಂದರೆ ಇದೇ ಅನ್ನಬಹುದು.

ಅನ್ನಬಹುದು, ಆದರೆ ಪೂರ್ತಿ ಅಲ್ಲ. ನಾವು ಈ ಲೇಖನ ಬರೆಯಲು ಕಾರಣವಾದ ವಿಷಯವೇ ಇದು.

ಹಾಸ್ಟೆಲ್ ಉದಾಹರಣೆ ಕೊಡ್ತೀವಿ. ಒಂದು ಕ್ಯಾಂಪಸ್‌ನಲ್ಲಿ ಎರಡು ಮೆಸ್ ಇವೆ ಅಂದುಕೊಳ್ಳಿ. ದೊಡ್ಡ ಮೆಸ್ಸಿಗೆ ಅದರದ್ದೇ ಕೂಪನ್, ಸಣ್ಣ ಮೆಸ್ಸಿಗೆ ಅದರದ್ದೇ. ಸಣ್ಣ ಮೆಸ್ಸಿನವನು "ನನ್ನ 7 ಕೂಪನ್ ತಂದರೆ ಯಾವಾಗ ಬೇಕಾದರೂ ದೊಡ್ಡ ಮೆಸ್ಸಿನ 6 ಕೂಪನ್ ಕೊಡ್ತೀನಿ" ಅಂತ ಬೋರ್ಡ್ ಹಾಕಿದ್ದಾನೆ. ಈಗ ಅವನು ಮನಸ್ಸಿಗೆ ಬಂದಷ್ಟು ಕೂಪನ್ ಅಚ್ಚು ಹಾಕಿ ಹಂಚಿದ ಅನ್ನಿ. ಊಟ ಅಷ್ಟೇ, ಕೂಪನ್ ಜಾಸ್ತಿ, ಸಣ್ಣ ಮೆಸ್ಸಿನ ರೇಟು ಏರುತ್ತದೆ. ಹುಡುಗರು ಏನು ಮಾಡ್ತಾರೆ? ಎಲ್ಲಾ ಕೂಪನ್ ಬದಲಿಸಿಕೊಂಡು ದೊಡ್ಡ ಮೆಸ್ಸಿಗೆ ಓಡ್ತಾರೆ. ಸಣ್ಣ ಮೆಸ್ಸಿನ ಡ್ರಾಯರ್‌ನಲ್ಲಿದ್ದ ದೊಡ್ಡ ಮೆಸ್ಸಿನ ಕೂಪನ್ ಒಂದೇ ದಿನಕ್ಕೆ ಖಾಲಿ. ಬೋರ್ಡ್ ಇಳಿಸಬಾರದು ಅಂದರೆ ಅವನು ದೊಡ್ಡ ಮೆಸ್ಸಿನವನು ಹೆಂಗ ಕುಣೀತಾನೋ ಹಂಗ ಕುಣೀಬೇಕು. ಬಡ್ಡಿಯೂ ಹಾಗೇ. ಸೊಲ್ಲಾಪುರದಲ್ಲಿ ಬಡ್ಡಿ ಜಾಸ್ತಿ, ಕಲಬುರಗಿಯಲ್ಲಿ ಕಡಿಮೆ, ಬದಲಿ ದರ ಮಾತ್ರ ಗಟ್ಟಿ ಅಂದರೆ ರೊಕ್ಕ ಸೊಲ್ಲಾಪುರಕ್ಕೆ ಹರಿಯುತ್ತದೆ.

ಅಂದರೆ ನಮ್ಮ ಕಡೆ ಸ್ವಂತ ರೂಪಾಯಿ ಇತ್ತು, ಸ್ವಂತ ನೋಟು ಇತ್ತು, ಸ್ವಂತ ಬ್ಯಾಂಕೂ ಬಂತು. ಸ್ವಂತ ಹಣಕಾಸು ನೀತಿ ಮಾತ್ರ ಇರಲಿಲ್ಲ. ದರವನ್ನು ಇನ್ನೊಬ್ಬರಿಗೆ ಕಟ್ಟಿದ ದಿನವೇ ನೀತಿಯ ಲಗಾಮು ಅವರ ಕೈಗೆ ಹೋಗಿತ್ತು.

ಹಾಗಾದರೆ ದೊಡ್ಡ ಮೆಸ್ಸಿನವನಾದರೂ ಸ್ವತಂತ್ರನೇ? ಅವನೂ ಅಲ್ಲ. ಬ್ರಿಟಿಷ್ ಭಾರತದಲ್ಲಿ ಬಹಳ ಕಾಲ ನೋಟು ಹೊರಡಿಸುವುದು ಸರ್ಕಾರ, ಬ್ಯಾಂಕಿಂಗ್ ನೋಡಿಕೊಳ್ಳುವುದು ಬೇರೆ ಬ್ಯಾಂಕುಗಳು, 1921ರಿಂದ ಇಂಪೀರಿಯಲ್ ಬ್ಯಾಂಕ್. ಇವೆರಡನ್ನೂ ಒಂದೇ ಸಂಸ್ಥೆಗೆ ಕೊಡಿ ಅಂತ 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ಹೇಳಿತು. ಆ ಆಯೋಗದ ಮುಂದೆ ಸಾಕ್ಷ್ಯ ಹೇಳಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು, ರೂಪಾಯಿಯ ಸಮಸ್ಯೆ ಕುರಿತ ಅವರ ಪುಸ್ತಕ 1923ರಲ್ಲೇ ಬಂದಿತ್ತು. 1934ರ ಕಾನೂನಿನಂತೆ 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಶುರುವಾಯಿತು, ಮೊದಲು ಕೋಲ್ಕತ್ತಾದಲ್ಲಿ ಇದ್ದದ್ದು 1937ರಲ್ಲಿ ಮುಂಬೈಗೆ ಬಂತು. ಆದರೆ ಅದರ ಕಾನೂನಿನಲ್ಲೇ ಒಂದು ಕಟ್ಟು ಇತ್ತು: ಒಂದು ರೂಪಾಯಿ ಅಂದರೆ 1 ಶಿಲ್ಲಿಂಗ್ 6 ಪೆನ್ಸ್, ಈ ದರ ಉಳಿಸಬೇಕು. 1927ರಲ್ಲೇ ನಿಗದಿಯಾಗಿದ್ದ ಈ ದರ ಭಾರತಕ್ಕೆ ತುಟ್ಟಿಯಾಯಿತು, ನಮ್ಮ ರಫ್ತಿಗೆ ಪೆಟ್ಟು ಅಂತ ರಾಷ್ಟ್ರೀಯ ನಾಯಕರು ಎಷ್ಟು ಕೂಗಿದರೂ ಬದಲಾಗಲಿಲ್ಲ.

ಈಗ ಸರಪಳಿ ನೋಡ್ರಿ. ಸೇಡಂನ ಹಾಲಿ ರೂಪಾಯಿಯನ್ನು ಕಲ್ದಾರ್‌ಗೆ ಕಟ್ಟಿದ್ದರು, ಕಲ್ದಾರನ್ನು ಪೌಂಡಿಗೆ ಕಟ್ಟಿದ್ದರು. ಲಂಡನ್ನಿನಲ್ಲಿ ಆದ ತೀರ್ಮಾನ ಎರಡು ಗಂಟು ದಾಟಿ ನಮ್ಮ ತೊಗರಿ ಹೊಲಕ್ಕೆ ಬಂದು ಮುಟ್ಟುತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ಆಯಿತು. ಬ್ರಿಟನ್ ಇಲ್ಲಿಂದ ಕೊಂಡ ಸಾಮಾನಿಗೆ ಲಂಡನ್ನಿನಲ್ಲಿ ಪೌಂಡ್ ಲೆಕ್ಕ ಬರೆದಿಡುತ್ತಿತ್ತು, ಅದರ ಬಲದ ಮೇಲೆ ಇಲ್ಲಿ ರಿಸರ್ವ್ ಬ್ಯಾಂಕ್ ನೋಟು ಅಚ್ಚು ಹಾಕುತ್ತಿತ್ತು. ಚಲಾವಣೆಯ ನೋಟು ಹಲವು ಪಟ್ಟು ಏರಿತು, ಸಾಮಾನು ಏರಲಿಲ್ಲ. 1940ರಲ್ಲಿ ಬ್ರಿಟಿಷ್ ರೂಪಾಯಿಯ ಬೆಳ್ಳಿಯನ್ನೂ ಅರ್ಧಕ್ಕೆ ಇಳಿಸಿದರು. ಏಳಕ್ಕೆ ಆರು ಅನ್ನುವ ಗಂಟು ಬಿಗಿಯಾಗಿದ್ದುದರಿಂದ ಕಲ್ದಾರ್ ಕಡೆಯ ತುಟ್ಟಿ ಹಾಲಿ ಕಡೆಗೂ ಹರಿಯದೆ ದಾರಿ ಇರಲಿಲ್ಲ. ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿದ್ದೇ ಈ ಹೊತ್ತಿನಲ್ಲಿ, ಪಾಪ.

1947ರಲ್ಲಿ ರೊಕ್ಕವೇ ರಾಜಕೀಯವಾಯಿತು. ನವೆಂಬರ್ 29ರಂದು ನಿಜಾಮರು ಭಾರತದ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಸ್ವಲ್ಪ ದಿನಕ್ಕೇ ಹೈದರಾಬಾದ್ ಸರ್ಕಾರ ಎರಡು ಸುಗ್ರೀವಾಜ್ಞೆ ತಂದಿತು. ಒಂದು, ಬೆಳ್ಳಿ-ಬಂಗಾರ ಭಾರತಕ್ಕೆ ಹೋಗುವುದಕ್ಕೆ ನಿರ್ಬಂಧ. ಇನ್ನೊಂದು, ಭಾರತದ ರೂಪಾಯಿ ಸಂಸ್ಥಾನದಲ್ಲಿ ಕಾನೂನಿನ ಪ್ರಕಾರ ನಡೆಯುವ ಹಣ ಅಲ್ಲ. ಜೊತೆಗೆ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ, ಅದೂ ತನ್ನ ಬಳಿ ಇದ್ದ ಭಾರತ ಸರ್ಕಾರದ ಸಾಲಪತ್ರಗಳ ರೂಪದಲ್ಲಿ! ಇದು ಒಪ್ಪಂದದ ಉಲ್ಲಂಘನೆ ಅಂತ ಭಾರತ ಸರ್ಕಾರ ಪ್ರತಿಭಟಿಸಿತು. ವಿ.ಪಿ. ಮೆನನ್ ಅವರು ಸಂಸ್ಥಾನಗಳ ವಿಲೀನದ ಬಗ್ಗೆ ಬರೆದ ಪುಸ್ತಕದಲ್ಲಿ ಇದೆಲ್ಲ ದಾಖಲಾಗಿದೆ.

ಶಾಲೆಯಲ್ಲಿ ನಾವು ರಜಾಕಾರರ ಬಗ್ಗೆ, ಪೊಲೀಸ್ ಕಾರ್ಯಾಚರಣೆಯ ಬಗ್ಗೆ ಓದಿದ್ದೆವು. ಈ ಸುಗ್ರೀವಾಜ್ಞೆಯ ಬಗ್ಗೆ ಒಂದು ಸಾಲೂ ಓದಿರಲಿಲ್ಲ. ಆದರೆ ಶಹಾಬಾದ್, ವಾಡಿಯಂಥ ಊರಿಗೆ ಅದು ಎಂಥ ಹೊಡೆತ ಅಂತ ಯೋಚಿಸಿ. ಅರ್ಧ ವ್ಯಾಪಾರ ಸೊಲ್ಲಾಪುರ, ಬೊಂಬಾಯಿ ಕಡೆ. ಅಲ್ಲಿಂದ ಬರುವ ರೊಕ್ಕ ಊರಲ್ಲಿ ನಡೆಯಲ್ಲ, ಊರಿನ ರೊಕ್ಕ ಅಲ್ಲಿ ನಡೆಯಲ್ಲ. ನೀತಿ ಇಲ್ಲದ ಸರ್ಕಾರ ಗಂಟನ್ನೇ ಕೊಯ್ಯಲು ಹೊರಟಿತ್ತು, ಹಾಲಿಗೆ ಬೆಲೆ ಬಂದದ್ದೇ ಆ ಗಂಟಿನಿಂದ ಅನ್ನುವುದನ್ನು ಮರೆತು. ಇದು ನಮ್ಮ ಅಭಿಪ್ರಾಯ, ಹಿಸ್ಟರಿ ಓದಿದವರು ತಿದ್ದಬಹುದು.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1949ರ ಜನವರಿ 1ರಂದು ಖಾಸಗಿ ಶೇರುದಾರರ ಕೈಯಲ್ಲಿದ್ದ ರಿಸರ್ವ್ ಬ್ಯಾಂಕನ್ನು ಸರ್ಕಾರ ತನ್ನದಾಗಿಸಿಕೊಂಡಿತು. 1950ರಿಂದ ಭಾರತದ ರೂಪಾಯಿ ನಮ್ಮ ಕಡೆ ಅಧಿಕೃತವಾಗಿ ನಡೆಯಲು ಶುರುವಾಯಿತು, ಹಾಲಿ ಆ ದಶಕದಲ್ಲಿ ಹಂತಹಂತವಾಗಿ ಮರೆಯಾಯಿತು. 1953ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ರಿಸರ್ವ್ ಬ್ಯಾಂಕಿನ ಏಜೆಂಟ್ ಆಗಿ ಖಜಾನೆ ಕೆಲಸ ಮಾಡತೊಡಗಿತು. 1956ರ ಅಕ್ಟೋಬರ್ 22ರಂದು ರಿಸರ್ವ್ ಬ್ಯಾಂಕ್ ಅದನ್ನು ಪೂರ್ತಿ ತೆಗೆದುಕೊಂಡು 'ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್' ಅಂತ ಹೆಸರಿಟ್ಟಿತು. ಹತ್ತನೇ ದಿನಕ್ಕೆ, ನವೆಂಬರ್ 1ಕ್ಕೆ, ನಮ್ಮ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಅದಾಗಿ ಐದು ತಿಂಗಳಿಗೆ, 1957ರ ಏಪ್ರಿಲ್ 1ಕ್ಕೆ, ಆಣೆ ಹೋಗಿ ನಯಾ ಪೈಸೆ ಬಂತು. ಹಾಲಿ ಆಣೆ, ಕಲ್ದಾರ್ ಆಣೆ, ನಯಾ ಪೈಸೆ: ಹತ್ತು ವರ್ಷದೊಳಗೆ ಮೂರು ಲೆಕ್ಕ ಕಲಿತ ಆ ಕಾಲದ ಕಿರಾಣಿ ಅಂಗಡಿಯವರಿಗೆ ನಮ್ಮ ದೊಡ್ಡ ನಮಸ್ಕಾರ. ನಮಗೆ ಮ್ಯಾಥ್ಸ್ ಮೂರು ಒಂದನ್ನು ಪಾಸ್ ಮಾಡಲು ಆಗ್ತಿಲ್ಲ.

ಆ ಬ್ಯಾಂಕ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಬೋರ್ಡ್ ಬದಲಾಗಿದೆ. ಆಯಿ ಪಿಂಚಣಿ ತರಲು ಹೋಗುವಾಗ ಈಗಲೂ "ಹೈದ್ರಾಬಾದ್ ಬ್ಯಾಂಕಿಗೆ ಹೋಗಿಬರ್ತೀನಿ" ಅಂತಾರೆ.

ಇದನ್ನೆಲ್ಲ ದೀಪಾವಳಿಗೆ ಹೋದಾಗ ಆಯಿಗೆ ವರದಿ ಒಪ್ಪಿಸಿದೆವು. ಸರಪಳಿಯ ಕಥೆ ಕೇಳಿ ಅವರು ಒಂದು ಪ್ರಶ್ನೆ ಕೇಳಿದರು.

"ಹಂಗಾದ್ರ ಈಗಿನ ನಮ್ಮ ರೂಪಾಯಿ ಯಾವುದಕ್ಕ ಕಟ್ಯಾರ?"

"ಯಾವುದಕ್ಕೂ ಕಟ್ಟಿಲ್ಲರಿ ಆಯಿ."

"ಕಟ್ಟಿಲ್ಲಂದ್ರ ಓಡಿ ಹೋಗ್ತದಲ್ಲೋ!"

ನಿಜವಾದ ಪ್ರಶ್ನೆ. ಸ್ವಾತಂತ್ರ್ಯ ಬಂದ ಮೇಲೂ ರೂಪಾಯಿ 1975ರವರೆಗೆ ಪೌಂಡಿನ ಜೊತೆಗೇ ಇತ್ತು, ಆಮೇಲೆ ಹಲವು ದೇಶಗಳ ಹಣದ ಒಂದು ಬುಟ್ಟಿಗೆ. ಆ ನಡುವೆ ಸರ್ಕಾರಕ್ಕೆ ರೊಕ್ಕ ಕಡಿಮೆ ಬಿದ್ದರೆ ರಿಸರ್ವ್ ಬ್ಯಾಂಕ್ ತನ್ನಷ್ಟಕ್ಕೆ ತುಂಬಿಕೊಡುವ ವ್ಯವಸ್ಥೆ ಬೇರೆ ಇತ್ತು, ಅದು ನಿಂತದ್ದು 1997ರಲ್ಲಿ. 1991ರಲ್ಲಿ ವಿದೇಶಿ ಹಣ ಖಾಲಿಯಾಗಿ ಸುಮಾರು 47 ಟನ್ ಬಂಗಾರ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಗಿರವಿ ಹೋಯಿತು. 1993ರ ಮಾರ್ಚ್‌ನಿಂದ ರೂಪಾಯಿಯ ದರ ಮಾರುಕಟ್ಟೆಯಲ್ಲಿ. ಈ ಭಾಗದ ಬಗ್ಗೆ ಪುಟಗಟ್ಟಲೆ ಬರೆಯಬಹುದು, ಆದರೆ ನಮಗೆ ಇಂಟರ್ನಲ್ಸ್ ಇದೆ, ಮುಂದಕ್ಕೆ ಹೋಗೋಣ.

ಬೇರೆ ದೇಶದ ಹಣಕ್ಕೆ ಕಟ್ಟದಿದ್ದ ಮೇಲೆ ಇನ್ನೇನಕ್ಕಾದರೂ ಕಟ್ಟಬೇಕಲ್ಲ, ಆಯಿ ಹೇಳಿದ್ದು ಅದೇ. 2016ರಲ್ಲಿ ಕಾನೂನು ತಿದ್ದಿ ಆ ಗೂಟ ಯಾವುದು ಅಂತ ಬರೆದರು: ಬೆಲೆ ಏರಿಕೆ. ಗ್ರಾಹಕ ಬೆಲೆಗಳ ಏರಿಕೆ ವರ್ಷಕ್ಕೆ ಶೇ. 4 ಇರಬೇಕು, ಆ ಕಡೆ ಈ ಕಡೆ 2ರಷ್ಟು ಹೋಗಬಹುದು. ಇದಕ್ಕೆ ಆರು ಜನರ ಹಣಕಾಸು ನೀತಿ ಸಮಿತಿ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು, ಮತ ಸಮನಾದರೆ ಗವರ್ನರ್ ನಿರ್ಣಾಯಕ ಮತ ಹಾಕುತ್ತಾರೆ. ಸತತ ಮೂರು ತ್ರೈಮಾಸಿಕ ಗೆರೆ ದಾಟಿದರೆ ಯಾಕೆ ಸೋತೆವು ಅಂತ ಸರ್ಕಾರಕ್ಕೆ ಪತ್ರ ಬರೆಯಬೇಕು. 2022ರಲ್ಲಿ ಬರೆಯಬೇಕಾಗಿ ಬಂತು. ಅಟೆಂಡೆನ್ಸ್ ಕಡಿಮೆಯಾದಾಗ ಎಚ್‌ಒಡಿಗೆ ಬರೆಯುವ ಪತ್ರದ ಹಾಗೆ.

ಆ ಸಮಿತಿ ತಿರುಗಿಸುವ ತಿರುಪು ರೆಪೋ ದರ. ಬ್ಯಾಂಕುಗಳು ತಮ್ಮಲ್ಲಿರುವ ಸರ್ಕಾರಿ ಸಾಲಪತ್ರ ಕೊಟ್ಟು ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ರೊಕ್ಕ ತರುತ್ತವೆ, ನಾವು ಬಂಗಾರ ಗಿರವಿ ಇಟ್ಟು ಸಾಹುಕಾರನಿಂದ ತರುವ ಹಾಗೆ. ಆ ಸಾಲದ ಬಡ್ಡಿಯೇ ರೆಪೋ. ಅದು ಏರಿದರೆ ಬ್ಯಾಂಕಿಗೆ ರೊಕ್ಕ ತುಟ್ಟಿ, ನಮಗೆ ಸಾಲ ತುಟ್ಟಿ, ಜನ ಖರ್ಚು ತಡೆಯುತ್ತಾರೆ, ಬೆಲೆ ಏರಿಕೆ ನಿಧಾನ ಆಗುತ್ತದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಸೀದಾ ಫೀಡ್‌ಬ್ಯಾಕ್ ಲೂಪ್. ಅಂದಹಾಗೆ, ಜೇಮ್ಸ್ ವಾಟ್‌ನ ಉಗಿಯಂತ್ರದ ವೇಗ ಹಿಡಿತದಲ್ಲಿಡುವ ಭಾಗಕ್ಕೂ ಗವರ್ನರ್ ಅಂತಲೇ ಹೆಸರು. ತೊಂದರೆ ಏನಂದ್ರೆ ಈ ಲೂಪ್‌ನಲ್ಲಿ ವಿಳಂಬ ಬಹಳ. ವಾಡಿಯವನ ಚಿಕ್ಕಪ್ಪ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕಿಲ್ನ್ ನೋಡಿಕೊಳ್ಳುತ್ತಾರೆ. "ಕಲ್ಲಿದ್ದಲು ಈಗ ಜಾಸ್ತಿ ಮಾಡಿದ್ರ ಬಿಸಿ ಆಮ್ಯಾಲ ಗೊತ್ತಾಗ್ತದ. ಅವಸರ ಮಾಡಿ ಮತ್ತೊಂದಿಷ್ಟು ಹಾಕಿದಿ ಅಂದ್ರ ಕೆಟ್ಟಿ" ಅಂತಾರೆ. ರೆಪೋ ಏರಿಸಿದ್ದು ಊರಿನ ಅಂಗಡಿಗೆ ಮುಟ್ಟಲು ತಿಂಗಳುಗಳೇ ಬೇಕು.

ಎರಡನೇ ತೊಂದರೆ ನಮ್ಮ ಹೊಲದಲ್ಲೇ ಇದೆ. 2012ನ್ನು ಮೂಲ ವರ್ಷವಾಗಿಟ್ಟ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯದ ತೂಕ ನೂರಕ್ಕೆ ಸುಮಾರು 46. 2015ರಲ್ಲಿ ಮಳೆ ಕೈಕೊಟ್ಟು ತೊಗರಿಬೇಳೆ ಕಿಲೋಗೆ 200 ರೂಪಾಯಿ ಹತ್ತಿರ ಹೋಗಿತ್ತು. ತೊಗರಿ ಮುಂಗಾರಿಗೆ ಬಿತ್ತಿ ಡಿಸೆಂಬರ್-ಜನವರಿಗೆ ಕೊಯ್ಯುವ ಬೆಳೆ, ಮಳೆಯನ್ನೇ ನಂಬಿದ್ದು. ರೆಪೋ ಎಷ್ಟು ಏರಿಸಿದರೂ ಚಿಂಚೋಳಿಯಲ್ಲಿ ಒಂದು ಕಾಳು ಹೆಚ್ಚು ಬೆಳೆಯಲ್ಲ. ಹಾಗಿದ್ದೂ ಬೇಳೆ ತುಟ್ಟಿಯಾದರೆ ಅದು ಸೂಚ್ಯಂಕದಲ್ಲಿ ಕಾಣುತ್ತದೆ, ಸೂಚ್ಯಂಕ ಏರಿದರೆ ಸಮಿತಿಯ ಮೇಲೆ ಒತ್ತಡ, ಕೊನೆಗೆ ಬೇಳೆಗೆ ಸಂಬಂಧವೇ ಇಲ್ಲದ ಮನೆ ಸಾಲದ ಕಂತು ಏರುತ್ತದೆ. ಇದು ನ್ಯಾಯವೋ ಅಲ್ಲವೋ ಅಂತ ನಮ್ಮ ರೂಮಿನಲ್ಲಿ ಎರಡು ರಾತ್ರಿ ಜಗಳ ಆಗಿದೆ. ಬೇಳೆಯ ತುಟ್ಟಿ ಸಂಬಳಕ್ಕೆ, ಉಳಿದ ಬೆಲೆಗಳಿಗೆ ಹಬ್ಬದಂತೆ ತಡೆಯುವುದಷ್ಟೇ ರೆಪೋದ ಕೆಲಸ ಅಂತ ಮೂವರು, ಏನಾದರೂ ಹೇಳಿ ಸಾಲಗಾರನ ಮೇಲೇ ಬೀಳ್ತದ ಅಂತ ಇಬ್ಬರು.

ಆ ಇಬ್ಬರಲ್ಲಿ ಒಬ್ಬ ಶಹಾಬಾದಿನವನು. ಅವನ ಅಪ್ಪ 2022ರ ಆರಂಭದಲ್ಲಿ ಮನೆಗಾಗಿ 10 ಲಕ್ಷ ಸಾಲ ಮಾಡಿದ್ದರು, ಬಡ್ಡಿ ಶೇ. 7, 20 ವರ್ಷ, ತಿಂಗಳ ಕಂತು 7,753 ರೂಪಾಯಿ. ಆಗ ಕೋವಿಡ್ ಕಾಲದ ರೆಪೋ ಶೇ. 4 ಇತ್ತು. ಆ ವರ್ಷದ ಮೇ ತಿಂಗಳಿಂದ ಏರಲು ಶುರುವಾಗಿ 2023ರ ಫೆಬ್ರವರಿಗೆ 6.5 ಮುಟ್ಟಿತು. 2019ರ ಅಕ್ಟೋಬರ್‌ನಿಂದ ಇಂಥ ಹೊಸ ಸಾಲಗಳ ಬಡ್ಡಿಯನ್ನು ರೆಪೋದಂಥ ಹೊರಗಿನ ದರಕ್ಕೆ ಕಟ್ಟಿರುವುದರಿಂದ ಅವರ ಬಡ್ಡಿಯೂ 9.5ಕ್ಕೆ ಹೋಯಿತು. ಕಂತು ಮಾತ್ರ ಅಷ್ಟೇ ಇತ್ತು. ಮನೆಯವರು ಖುಷಿಯಾಗಿದ್ದರು, ನಮಗೇನೂ ತಟ್ಟಿಲ್ಲ ಅಂತ. ಬ್ಯಾಂಕಿನವರು ಕಂತು ಏರಿಸದೆ ಸದ್ದಿಲ್ಲದೆ ಅವಧಿ ಉದ್ದ ಮಾಡಿದ್ದರು.

ನಾವು ಕೂತು ಲೆಕ್ಕ ಹಾಕಿದೆವು. 10 ಲಕ್ಷ ಪೂರ್ತಿ ಬಾಕಿ ಇದೆ ಅಂತ ಹಿಡಿದರೆ 9.5ರಂತೆ ಒಂದು ತಿಂಗಳ ಬಡ್ಡಿಯೇ 7,917 ರೂಪಾಯಿ, ಕಟ್ಟುವ ಕಂತಿಗಿಂತ ಜಾಸ್ತಿ. ಒಂದು ವರ್ಷದಲ್ಲಿ ತೀರಿದ ಸ್ವಲ್ಪ ಅಸಲು ಕಳೆದರೂ ಕಂತು ಸರಿಸುಮಾರು ಅಷ್ಟೂ ಬಡ್ಡಿಗೇ ಹೋಗುತ್ತದೆ. ಅಂದರೆ ಹೀಗೇ ಬಿಟ್ಟರೆ ಈ ಸಾಲ ತೀರುವುದೇ ಇಲ್ಲ! 20 ವರ್ಷಕ್ಕೇ ತೀರಬೇಕು ಅಂದರೆ ಕಂತು 9,300 ದಾಟಬೇಕು.

ಇಂಥ ದೂರು ದೇಶದಲ್ಲೆಲ್ಲ ಇತ್ತು ಅಂತ ಆಮೇಲೆ ತಿಳಿಯಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ: ಬಡ್ಡಿ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು, ಕಂತು ಏರಿಸಬೇಕೋ ಅವಧಿ ಉದ್ದ ಮಾಡಬೇಕೋ ಎರಡೂ ಸ್ವಲ್ಪ ಸ್ವಲ್ಪವೋ ಅಂತ ಅವನಿಗೇ ಆಯ್ಕೆ ಕೊಡಬೇಕು, ಮತ್ತು ಕಟ್ಟುವ ಕಂತು ಬಡ್ಡಿಯನ್ನೂ ತುಂಬದ ಸ್ಥಿತಿಗೆ ಹೋಗಲು ಬಿಡಬಾರದು. ನಿಮ್ಮ ಮನೆಯಲ್ಲಿ ಇಂಥ ಸಾಲ ಇದ್ದರೆ ಸ್ಟೇಟ್‌ಮೆಂಟ್ ತೆಗೆಸಿ ಇನ್ನೆಷ್ಟು ಕಂತು ಬಾಕಿ ಅಂತ ಒಮ್ಮೆ ನೋಡ್ರಿ.

ಸುತ್ತೋಲೆಯ ಪ್ರಿಂಟ್ ಹಿಡಿದು ಅಪ್ಪ-ಮಗ ಇಬ್ಬರೂ ಶಾಖೆಗೆ ಹೋದರು. ಮೊದಲ ದಿನ "ಸಿಸ್ಟಮ್ ಹಂಗೇ ಮಾಡ್ತದ" ಅಂದರು. ಮೂರನೇ ಸಲ ಹೋದಾಗ ಫಾರ್ಮ್ ಸಿಕ್ಕಿತು. ಕಂತು ಏರಿಸಿಕೊಂಡು ಅವಧಿ ಇಳಿಸಿದ್ದಾರೆ. ಈಗ ಎರಡು ತಿಂಗಳಿಗೊಮ್ಮೆ ಗವರ್ನರ್ ಟಿವಿಯಲ್ಲಿ ಬಂದರೆ ಅವರ ಮನೆಯಲ್ಲಿ ಸೌಂಡ್ ಜಾಸ್ತಿ ಮಾಡ್ತಾರೆ.